ಕಳೆ ಮಶೀನು, ಚೈನ್ ಸಾ ಮತ್ತು ಪೆಟ್ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಾಗರದ ಕಡೆಯ ಅಡಿಕೆ ತೋಟ. ಸುಮಾರು ಹದಿನೈದು ವರ್ಷದಿಂದ ಕಳೆ ಕೊಚ್ಚುವ ಮಶೀನು ಹೆಗಲಿಗೆ ಹಾಕಿಕೊಂಡು ತಿರುಗಿದ್ದೇನೆ. ನೆಂಟರ, ಅಕ್ಕಪಕ್ಕದವರ ಮಶೀನು ಕೆಟ್ಟರೂ ನಮ್ಮ ಅಂಗಳಕ್ಕೇ ಬರುತ್ತವೆ. ಬಿಚ್ಚಿ ನೋಡಿದರೆ ಮಶೀನು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಟ್ಯಾಂಕಿನೊಳಗಿನ ಪೆಟ್ರೋಲು. ಫೋನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಸೊಸೈಟಿ ಬಾಗಿಲಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬರೆದಿದ್ದೇನೆ.

## ಶುರುವಿಗೆ

ನಂದು ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಹೇಗೆ ಗೊತ್ತಾಗುತ್ತೆ?

ಇಂಜಿನ್ ಆಯಿಲ್ ಹಾಕಲು ಬೇರೆ ಮುಚ್ಚಳ ಇದೆಯಾ ನೋಡಿ. ಇದ್ದರೆ ಫೋರ್ ಸ್ಟ್ರೋಕ್. ಪೆಟ್ರೋಲ್ ಮುಚ್ಚಳ ಒಂದೇ ಇದ್ದರೆ ಟೂ ಸ್ಟ್ರೋಕ್, ಅದಕ್ಕೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಟೂ ಸ್ಟ್ರೋಕಿನ ಮುಚ್ಚಳದ ಮೇಲೆ ಸಾಮಾನ್ಯವಾಗಿ 50:1, 40:1 ಅಥವಾ 25:1 ಅಂತ ಬರೆದಿರುತ್ತದೆ. ಚೈನ್ ಸಾದಲ್ಲಿ ಎರಡು ಮುಚ್ಚಳ ಕಂಡು ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಎರಡನೆಯದು ಚೈನಿಗೆ ಬೀಳುವ ಎಣ್ಣೆಯದು. ಚೈನ್ ಸಾಗಳೆಲ್ಲ ಹೆಚ್ಚುಕಮ್ಮಿ ಟೂ ಸ್ಟ್ರೋಕೇ.

ಒಂದು ಲೀಟರಿಗೆ ಎಷ್ಟು ಆಯಿಲ್ ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಅವರವರ ಮಶೀನಿಗೆ ಅವರವರು ಹೇಳಿದ್ದು ಸರಿ ಇರಬಹುದು. 50:1 ಅಂದರೆ 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಲೀಟರಿಗೆ 20 ಎಂಎಲ್. 40:1 ಅಂದರೆ 25 ಎಂಎಲ್. 25:1 ಅಂದರೆ 40 ಎಂಎಲ್. ನಿಮ್ಮ ಮಶೀನಿನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ ಮಾತು. ತಮ್ಮದೇ ಆಯಿಲ್ ಹಾಕಿದರೆ 50:1, ಬೇರೆ ಆಯಿಲ್ ಆದರೆ 25:1 ಅಂತ ಹೇಳುವ ಕಂಪನಿಯೂ ಇದೆ. ಆ ಸಾಲನ್ನು ಜನ ಓದುವುದೇ ಇಲ್ಲ.

ಕಣ್ಣಂದಾಜಿನಲ್ಲಿ ಮಾತ್ರ ಹಾಕಬೇಡಿ. ದನದ ಔಷಧಿಯ ಅಂಗಡಿಯಲ್ಲಿ 20 ಎಂಎಲ್‌ನ ದೊಡ್ಡ ಸಿರಿಂಜು ಸಿಗುತ್ತದೆ. ಸೂಜಿ ತೆಗೆದು ಅದನ್ನೇ ಅಳತೆಗೆ ಇಟ್ಟುಕೊಂಡಿದ್ದೇನೆ. ಕ್ಯಾನಿಗೆ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಚೆನ್ನಾಗಿ ಕುಲುಕಿ ಉಳಿದ ಅರ್ಧ. ನೇರವಾಗಿ ಮಶೀನಿನ ಟ್ಯಾಂಕಿನಲ್ಲಿ ಬೆರೆಸಬಾರದು. ಆಯಿಲ್ ಬೆರೆಯದೆ ಹಾಗೇ ತಳಕ್ಕೆ ಕೂರುತ್ತದೆ. ಪೆಟ್ರೋಲ್ ಹೀರುವ ಫಿಲ್ಟರ್ ಇರುವುದೂ ತಳದಲ್ಲೇ.

ಹಳೇ ಸ್ಕೂಟರಿಗೆ ಹಾಕ್ತಿದ್ದ ಟೂ ಟಿ ಆಯಿಲ್ ನಡೆಯುತ್ತಾ? ಬೈಕಿನ ಇಂಜಿನ್ ಆಯಿಲ್ ಹಾಕಿದ್ರೆ?

ಬೈಕಿನ ಇಂಜಿನ್ ಆಯಿಲ್ ಬೇಡವೇ ಬೇಡ. ಅದು ಇಂಜಿನ್ನಿನಲ್ಲಿ ಉಳಿದು ಸುತ್ತುವುದಕ್ಕೆ ಮಾಡಿದ್ದು, ಪೆಟ್ರೋಲಿನ ಜೊತೆ ಉರಿಯುವುದಕ್ಕಲ್ಲ. ಪ್ಲಗ್ಗು, ಸೈಲೆನ್ಸರಿಗೆಲ್ಲ ಮಸಿ ಕಟ್ಟುತ್ತದೆ. ಟೂ ಟಿ ಆಯಿಲ್ ನಡೆಯುತ್ತದೆ, ಆದರೆ ಡಬ್ಬದ ಹಿಂದೆ ಜಾಸೋ ಎಫ್‌ಡಿ (JASO FD) ಅಥವಾ ಐಎಸ್ಒ ಇಜಿಡಿ (ISO EGD) ಅಂತ ಗುಣಮಟ್ಟದ ಗುರುತು ಇರುವುದು ಒಳ್ಳೆಯದು. ಕಳೆ ಮಶೀನು ಗಾಳಿಯಿಂದ ತಣ್ಣಗಾಗುವ ಇಂಜಿನ್ನು, ಗಂಟೆಗಟ್ಟಲೆ ಫುಲ್ ರೇಸಿನಲ್ಲಿ ಓಡುತ್ತದೆ. ಸ್ಕೂಟರಿಗೆ ಆ ಕಷ್ಟ ಇರಲಿಲ್ಲ. ದೋಣಿಯ ಇಂಜಿನ್ನಿಗೆ ಮಾಡಿದ ಟೂ ಸ್ಟ್ರೋಕ್ ಆಯಿಲ್ ಕರಾವಳಿಯಲ್ಲಿ ಸಿಗುತ್ತದೆ. ಅದು ನೀರಿನಿಂದ ತಣ್ಣಗಾಗುವ ಇಂಜಿನ್ನಿನದು, ಇದಕ್ಕೆ ಹೊಂದುವುದಿಲ್ಲ.

ಫೋರ್ ಸ್ಟ್ರೋಕ್ ಆದ್ರೆ ಆಯಿಲ್ ತಲೆಬಿಸಿ ಇಲ್ಲ ಅಲ್ವಾ?

ಬೆರೆಸುವ ತಲೆಬಿಸಿ ಇಲ್ಲ, ಬದಲಿಸುವುದು ಇದೆ. ನಮ್ಮಲ್ಲಿ ಜಾಸ್ತಿ ಕಾಣುವ ಹೋಂಡಾ ಜಿಎಕ್ಸ್35 ಇಂಜಿನ್ನನ್ನೇ ನೋಡಿ. ಅದು ಹಿಡಿಯುವ ಆಯಿಲ್ ಬರೀ 100 ಎಂಎಲ್, ಒಂದು ಲೋಟ ಕಾಫಿಯಷ್ಟೂ ಇಲ್ಲ. ಅದರಲ್ಲಿ 30 ಎಂಎಲ್ ಕಮ್ಮಿಯಾದರೂ ಇಂಜಿನ್ನಿಗೆ ದೊಡ್ಡ ಪೆಟ್ಟು. ಮೊದಲ 10 ಗಂಟೆಗೆ ಒಮ್ಮೆ, ಆಮೇಲೆ 50 ಗಂಟೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಬೇಕು. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಮುಚ್ಚಳ ಬಿಚ್ಚಿ ಮಟ್ಟ ನೋಡಿ. ಕೂಲಿಯವರ ಕೈಗೆ ಮಶೀನು ಕೊಟ್ಟರೂ ಈ ಒಂದು ಕೆಲಸ ನೀವೇ ಮಾಡಿ.

## ಪೆಟ್ರೋಲ್ ವಿಚಾರ

ಹಿಂದೆಲ್ಲ ಇಷ್ಟು ತೊಂದರೆ ಇರಲಿಲ್ಲ. ಪೆಟ್ರೋಲೇ ಬದಲಾಗಿದೆಯಾ?

ಹೌದು, ಬದಲಾಗಿದೆ. 2022ರ ಮಧ್ಯದ ಹೊತ್ತಿಗೆ ದೇಶದಲ್ಲಿ ಮಾರುವ ಪೆಟ್ರೋಲಿನಲ್ಲಿ ಸರಾಸರಿ ಶೇಕಡಾ 10 ಎಥನಾಲ್ ಸೇರಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಶೇಕಡಾ 20ರ ಪೆಟ್ರೋಲ್, ಅಂದರೆ ಇ20, ಬಿಡುಗಡೆ ಆಯಿತು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದರು. ಈಗ ಸಾಮಾನ್ಯ ಬಂಕಿನಲ್ಲಿ ನಿಮಗೆ ಸಿಗುವುದು ಇ20. ಎಥನಾಲ್ ಅಂದರೆ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡುವ ಒಂದು ಬಗೆಯ ಆಲ್ಕೋಹಾಲ್. ಕಬ್ಬು ಬೆಳೆಯುವ ಬೆಳಗಾವಿ, ಬಾಗಲಕೋಟೆ ಕಡೆಯ ರೈತರಿಗೆ ಇದರಿಂದ ಉಪಯೋಗ ಆಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿರುವ ಸಣ್ಣ ಇಂಜಿನ್ನನ್ನು ನಾವು ನೋಡಿಕೊಳ್ಳುವ ರೀತಿ ಬದಲಾಗಬೇಕು.

ಇ20 ಹಾಕಿದ್ರೆ ಮಶೀನು ಹಾಳಾಗುತ್ತಾ? ನೇರವಾಗಿ ಹೇಳಿ.

ಇವತ್ತು ತಂದು ಇವತ್ತೇ ಓಡಿಸಿ ಮುಗಿಸಿದರೆ ಒಂದೇ ದಿನಕ್ಕೆ ಏನೂ ಆಗುವುದಿಲ್ಲ. ಟ್ಯಾಂಕಿನಲ್ಲಿ ಬಿಟ್ಟು ಮರೆತರೆ ಹಾಳಾಗುತ್ತದೆ. ಕಾರಣ ಮೂರು.

ಒಂದು, ರಬ್ಬರು. ಎಥನಾಲ್ ಹಳೆಯ ಮಾದರಿಯ ರಬ್ಬರು, ಪ್ಲಾಸ್ಟಿಕ್ ಭಾಗಗಳನ್ನು ಉಬ್ಬಿಸುತ್ತದೆ. ಒಣಗಿದ ಮೇಲೆ ಅವು ಬಿರುಸಾಗಿ ಬಿರುಕು ಬಿಡುತ್ತವೆ. ಪೆಟ್ರೋಲ್ ಪೈಪು, ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನೊಳಗಿನ ಡಯಾಫ್ರಮ್ ಅನ್ನುವ ತೆಳ್ಳನೆಯ ಪೊರೆ, ಬೆರಳಿನಿಂದ ಒತ್ತುವ ಪ್ರೈಮರ್ ಗುಳ್ಳೆ, ಮೂರಕ್ಕೂ ಇದೇ ಗತಿ.

ಎರಡು, ಗಾಳಿಯ ಲೆಕ್ಕ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ 9 ಕೆಜಿ ಸಾಕು. ಹೊಸ ಕಾರಿನಲ್ಲಿ ಕಂಪ್ಯೂಟರ್ ಇದನ್ನು ಗುರುತಿಸಿ ಇಂಧನ ಜಾಸ್ತಿ ಬಿಡುತ್ತದೆ. ಕಳೆ ಮಶೀನಿನ ಕಾರ್ಬೊರೇಟರಿನಲ್ಲಿ ಇರುವುದು ಒಂದು ಸಣ್ಣ ತೂತು. ಅದು ಯಾವಾಗಲೂ ಅಷ್ಟೇ ಬಿಡುತ್ತದೆ. ಹಾಗಾಗಿ ಇ20 ಹಾಕಿದಾಗ ಗಾಳಿ ಜಾಸ್ತಿ, ಇಂಧನ ಕಮ್ಮಿ ಆಗುತ್ತದೆ. ಇಂಜಿನ್ ಸ್ವಲ್ಪ ಜಾಸ್ತಿ ಬಿಸಿಯಾಗಿ ಓಡುತ್ತದೆ.

ಮೂರನೆಯದು ನೀರು. ನಮ್ಮ ಮಲೆನಾಡಿಗೆ ಇದೇ ದೊಡ್ಡದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ತನ್ನೊಳಗೇ ಕರಗಿಸಿ ಇಟ್ಟುಕೊಳ್ಳುತ್ತದೆ. ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬಿಟ್ಟು ತಳಕ್ಕೆ ಇಳಿಯುತ್ತವೆ. ಒಮ್ಮೆ ಭಾವನ ಮಶೀನಿನ ಟ್ಯಾಂಕನ್ನು ಉಪ್ಪಿನಕಾಯಿಯ ಗಾಜಿನ ಭರಣಿಗೆ ಬಗ್ಗಿಸಿ ಬಿಸಿಲಿಗೆ ಹಿಡಿದೆ. ಮೇಲೆ ಟೂ ಟಿ ಆಯಿಲಿನ ಹಸಿರು ಬಣ್ಣದ ಪೆಟ್ರೋಲು. ಕೆಳಗೆ ಎರಡು ಬೆರಳು ದಪ್ಪಕ್ಕೆ ಬೇರೆಯದೇ ಪದರ, ಹೆಚ್ಚುಕಮ್ಮಿ ನೀರಿನ ಬಣ್ಣ. ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆಯಿಲ್ ಇರುವುದು ಮೇಲಿನ ಪದರದಲ್ಲಿ. ಫಿಲ್ಟರ್ ಹೀರುವುದು ಕೆಳಗಿನದನ್ನು. ಸ್ಟಾರ್ಟ್ ಆಗದೇ ಇದ್ದದ್ದೇ ಭಾವನ ಪುಣ್ಯ. ಆಗಿದ್ದರೆ ಆಯಿಲಿಲ್ಲದೆ ಓಡಿ ಪಿಸ್ಟನ್ ಹಿಡಿದುಬಿಡುತ್ತಿತ್ತು.

ಸುಮಾರು ಮಶೀನುಗಳ ಪುಸ್ತಕದಲ್ಲಿ ಶೇಕಡಾ 10 ಎಥನಾಲ್‌ವರೆಗೆ ಅಂತಲೇ ಇದೆ. ಹೊಸದು ಕೊಳ್ಳುವಾಗ ಇ20ಕ್ಕೆ ಆಗುತ್ತದಾ ಅಂತ ಬರಹದಲ್ಲೇ ಕೇಳಿ. 2023ರ ಏಪ್ರಿಲ್ ನಂತರದ ಗಾಡಿಗಳೆಲ್ಲ ಇ20ಕ್ಕೆ ಆಗುತ್ತವೆ, ಇದೂ ಹಾಗೇ ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಆ ಮಾತು ರಸ್ತೆಯ ಮೇಲೆ ಓಡುವ ವಾಹನಗಳದ್ದು.

ಎಥನಾಲ್ ಇಲ್ಲದ ಪೆಟ್ರೋಲ್ ಎಲ್ಲಾದ್ರೂ ಸಿಗುತ್ತಾ? ಪ್ರೀಮಿಯಂ ಹಾಕಿದ್ರೆ ಸಾಕಾ?

95 ಆಕ್ಟೇನಿನ ಪ್ರೀಮಿಯಂನಲ್ಲೂ ಎಥನಾಲ್ ಇರುತ್ತದೆ. ಆಕ್ಟೇನ್ ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ. ಜಾಸ್ತಿ ದುಡ್ಡು ಕೊಟ್ಟ ಮಾತ್ರಕ್ಕೆ ಶುದ್ಧ ಪೆಟ್ರೋಲ್ ಅಂತ ತಿಳಿಯಬೇಡಿ. ಎಥನಾಲ್ ಬೆರೆಸದೆ ಬರುವುದು 100 ಆಕ್ಟೇನಿನದು. ಇಂಡಿಯನ್ ಆಯಿಲ್ ಎಕ್ಸ್‌ಪಿ100 ಅನ್ನು 2020ರ ಡಿಸೆಂಬರಿನಲ್ಲಿ ತಂದಾಗಲೇ ಲೀಟರಿಗೆ 160 ರೂಪಾಯಿಯ ಆಸುಪಾಸು ಇತ್ತು. ದೊಡ್ಡ ಊರುಗಳ ಕೆಲವೇ ಬಂಕಿನಲ್ಲಿ ಸಿಗುತ್ತದೆ. ದಿನಾ ಐದು ಲೀಟರ್ ಸುಡುವವರಿಗೆ ಇದು ಕಟ್ಟುವುದಿಲ್ಲ. ನಾನು ಬೆಂಗಳೂರಿಗೆ ಹೋದಾಗ ತಂದ ಒಂದೆರಡು ಲೀಟರನ್ನು ಮಳೆಗಾಲಕ್ಕೆ ಮಶೀನು ಎತ್ತಿಡುವ ಕೊನೆಯ ಟ್ಯಾಂಕಿಗೆ ಮತ್ತು ಅಪರೂಪಕ್ಕೆ ತೆಗೆಯುವ ಚೈನ್ ಸಾಗೆ ಮಾತ್ರ ಹಾಕುತ್ತೇನೆ. ಆ ಖರ್ಚು ಒಂದು ಕಾರ್ಬೊರೇಟರಿಗಿಂತ ಕಮ್ಮಿ.

ನಾವು ತಂದ ಪೆಟ್ರೋಲಿನಲ್ಲಿ ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದಾ?

ನೋಡಬಹುದು, ಸುಲಭ. 100 ಎಂಎಲ್‌ನ ಗೆರೆ ಹಾಕಿದ ಗಾಜಿನ ಅಳತೆ ಕೊಳವೆ ಬೇಕು. ಒಲೆ, ಬೀಡಿ ಯಾವುದೂ ಹತ್ತಿರ ಇರಬಾರದು. ಅಂಗಳದಲ್ಲೇ ಮಾಡಿ. 20 ಎಂಎಲ್ ನೀರು ಹಾಕಿ, ಮೇಲೆ 80 ಎಂಎಲ್ ಪೆಟ್ರೋಲ್ ಹಾಕಿ. ಬಾಯಿ ಮುಚ್ಚಿ ಕುಲುಕಿ ಹತ್ತು ನಿಮಿಷ ಇಡಿ. ಎಥನಾಲೆಲ್ಲ ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 20ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಬಂದರೆ ಶೇಕಡಾ 10. 36ರ ಹತ್ತಿರ ಬಂದರೆ ಶೇಕಡಾ 20.

ಹಾಗಾದ್ರೆ ನೀರು ಹಾಕಿ ಎಥನಾಲ್ ತೆಗೆದು, ಮೇಲಿನ ಪೆಟ್ರೋಲ್ ಮಾತ್ರ ಬಳಸಬಹುದಲ್ಲ?

ಈ ಉಪಾಯ ಫೋನಿನ ವಿಡಿಯೋಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಎಥನಾಲ್ ಆಕ್ಟೇನನ್ನೂ ಏರಿಸುತ್ತದೆ. ಅದು ಸೇರುತ್ತದೆ ಅಂತ ಲೆಕ್ಕ ಹಾಕಿಯೇ ಮೂಲ ಪೆಟ್ರೋಲನ್ನು ಕಮ್ಮಿ ಆಕ್ಟೇನಿಗೆ ಮಾಡಿರುತ್ತಾರೆ. ಎಥನಾಲ್ ತೆಗೆದರೆ ಉಳಿಯುವುದು ಆ ಕಮ್ಮಿ ಆಕ್ಟೇನಿನ ಪೆಟ್ರೋಲ್. ಅದರಲ್ಲಿ ನೀರಿನ ಹನಿಗಳೂ ಉಳಿದಿರುತ್ತವೆ. ಲೀಟರುಗಟ್ಟಲೆ ಪೆಟ್ರೋಲನ್ನು ಅಂಗಳದಲ್ಲಿ ಸುರಿದು ಸೋಸುವುದು ಬೆಂಕಿಯ ಜೊತೆ ಆಟ ಬೇರೆ.

ಬೆರೆಸಿದ ಪೆಟ್ರೋಲ್ ಎಷ್ಟು ದಿನ ಇಡಬಹುದು?

ಆಯಿಲ್ ಬೆರೆಸಿದ್ದಕ್ಕೆ ಕಂಪನಿಗಳು ಕೊಡುವ ಲೆಕ್ಕ 30 ದಿನ. ಜೂನ್, ಜುಲೈಯ ನಮ್ಮ ಥಂಡಿಯಲ್ಲಿ ನಾನು ಎರಡು ವಾರಕ್ಕಿಂತ ಜಾಸ್ತಿ ನಂಬುವುದಿಲ್ಲ. ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ. ಕ್ಯಾನ್ ಆದಷ್ಟು ತುಂಬಿರಲಿ, ಬಾಯಿ ಬಿಗಿಯಾಗಿರಲಿ. ಒಂದು ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಉಳಿದು ಹಳೆಯದಾದದ್ದನ್ನು ಮಶೀನಿಗೆ ಹಾಕಬೇಡಿ. ತೋಟದ ಕಾಲುವೆಗೆ, ಬಾವಿಯ ಹತ್ತಿರ ಚೆಲ್ಲಲೂ ಬೇಡಿ.

ಬಂಕಿನವರು ಬಾಟಲಿಗೆ ಪೆಟ್ರೋಲ್ ಕೊಡಲ್ಲ ಅಂತಾರೆ. ಏನು ಮಾಡೋದು?

ನೀರಿನ ಬಾಟಲಿಗೆ ಕೊಡದೇ ಇರುವುದು ಸರಿಯೇ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂತ 1934ರ ಪೆಟ್ರೋಲಿಯಂ ಕಾಯ್ದೆ ಹೇಳುತ್ತದೆ. ಆದರೆ ಪಾತ್ರೆ ಗಟ್ಟಿಯದಾಗಿರಬೇಕು. ಐದು ಲೀಟರಿನ ಲೋಹದ ಕ್ಯಾನ್ ತಗೊಳ್ಳಿ. ಜೊತೆಗೆ ಮಶೀನನ್ನೂ ಒಮ್ಮೆ ತೋರಿಸಿದರೆ ಗೊತ್ತಿರುವ ಬಂಕಿನಲ್ಲಿ ತಕರಾರು ಬರುವುದಿಲ್ಲ.

## ಸ್ಟಾರ್ಟ್ ಆಗದಿದ್ದಾಗ

ಜೂನಲ್ಲಿ ಚೆನ್ನಾಗೇ ಇತ್ತು. ಮಳೆ ಕಮ್ಮಿ ಆದ್ಮೇಲೆ ತೆಗೆದ್ರೆ ಎಷ್ಟು ಹಗ್ಗ ಎಳೆದ್ರೂ ಸ್ಟಾರ್ಟ್ ಆಗಲ್ಲ.

ಸೆಪ್ಟೆಂಬರಿನಲ್ಲಿ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇದೇ. ಮೊದಲು ಹಗ್ಗ ಎಳೆಯುವುದು ನಿಲ್ಲಿಸಿ. ಎಳೆದಷ್ಟೂ ಕೆಟ್ಟ ಪೆಟ್ರೋಲ್ ಒಳಗೆ ಹೋಗುತ್ತದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಂದದ್ದನ್ನು ಗಾಜಿನ ಪಾತ್ರೆಯಲ್ಲಿ ನೋಡಿ. ಪದರ ಕಂಡರೆ ಅಥವಾ ಹಳೆ ವಾರ್ನಿಷಿನ ಹುಳಿ ವಾಸನೆ ಬಂದರೆ ಕಾರಣ ಸಿಕ್ಕಿತು. ಹೊಸ ಪೆಟ್ರೋಲ್ ಸ್ವಲ್ಪ ಹಾಕಿ ಟ್ಯಾಂಕ್ ತೊಳೆದು ಚೆಲ್ಲಿ. ಬಗ್ಗಿಸಿದ ತಂತಿಯಿಂದ ಒಳಗಿನ ಫಿಲ್ಟರನ್ನು ಹೊರಗೆ ಎಳೆಯಿರಿ. ಕಪ್ಪಾಗಿದ್ದರೆ, ಜಿಗಿಯಾಗಿದ್ದರೆ ಬದಲಿಸಿ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಬಿರುಕು ಕಂಡರೆ ಅದನ್ನೂ ಬದಲಿಸಿ, ಅದು ದೊಡ್ಡ ಖರ್ಚಲ್ಲ. ಆಮೇಲೆ ಪ್ಲಗ್ ಬಿಚ್ಚಿ ಒರೆಸಿ, ಬಾಯಿ ಒಣಗಲು ಬಿಡಿ. ಹೊಸ ಮಿಶ್ರಣ ಹಾಕಿ, ಪ್ರೈಮರ್ ಗುಳ್ಳೆಯನ್ನು ಒಳಗೆ ಪೆಟ್ರೋಲ್ ಕಾಣುವವರೆಗೆ ಒತ್ತಿ. ಚೋಕ್ ಹಾಕಿ ಎಳೆಯಿರಿ. ಒಮ್ಮೆ ಕೆಮ್ಮಿದ ಹಾಗೆ ಸದ್ದು ಬಂದ ತಕ್ಷಣ ಚೋಕ್ ತೆಗೆಯಿರಿ. ಇಲ್ಲೇ ಜನ ತಪ್ಪು ಮಾಡುವುದು. ಚೋಕ್ ಹಾಗೇ ಬಿಟ್ಟು ಎಳೆದರೆ ಪ್ಲಗ್ ಮತ್ತೆ ಒದ್ದೆ.

ಇಷ್ಟಾದರೂ ಆಗದಿದ್ದರೆ ಪ್ಲಗ್ಗಿನ ಬಾಯಿಗೆ ನಾಲ್ಕು ಹನಿ ಹೊಸ ಮಿಶ್ರಣ ಹಾಕಿ ಪ್ಲಗ್ ಕೂರಿಸಿ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ ಚೆನ್ನಾಗಿದೆ, ಕಾರ್ಬೊರೇಟರ್ ಕಟ್ಟಿದೆ. ಅದನ್ನು ಬಿಚ್ಚಿ ಕ್ಲೀನ್ ಮಾಡಿ ಡಯಾಫ್ರಮ್ ಬದಲಿಸಬೇಕು. ಹಳೆಯ ಡಯಾಫ್ರಮ್ ಬೆರಳಿಗೆ ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ಹೊಸದು ಬಾಳೆಸುಳಿಯಷ್ಟು ಮೆತ್ತಗಿರುತ್ತದೆ.

ಸ್ಟಾರ್ಟ್ ಆಗುತ್ತೆ, ಹತ್ತು ನಿಮಿಷ ಓಡಿ ತಾನೇ ಆಫ್ ಆಗುತ್ತೆ.

ಆಫ್ ಆದ ಕೂಡಲೇ ಟ್ಯಾಂಕಿನ ಮುಚ್ಚಳ ಮೆಲ್ಲಗೆ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಮಶೀನು ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ತೂತು ಕಟ್ಟಿದೆ. ಮಣ್ಣು, ಹುಲ್ಲಿನ ಚೂರು ತೆಗೆದರೆ ಸಾಕು. ಹಾಗೆ ಆಗದೆ, ತಣ್ಣಗಾದ ಮೇಲೆ ಮಾತ್ರ ಸ್ಟಾರ್ಟ್ ಆದರೆ ಬಿಸಿಯಾದಾಗ ಕಿಡಿ ಬರುತ್ತಿದೆಯಾ ನೋಡಿಸಿ. ಇಗ್ನಿಷನ್ ಕಾಯಿಲ್ ಹೋಗುವ ಲಕ್ಷಣ ಅದು.

ಮೊದಲಿನ ಬಲ ಇಲ್ಲ. ದಪ್ಪ ಹುಲ್ಲು ಬಂದ್ರೆ ನರಳುತ್ತೆ.

ಏರ್ ಫಿಲ್ಟರ್ ಮೊದಲು. ಬೇಸಿಗೆಯಲ್ಲಿ ಒಣ ಸೋಗೆ ಕೊಚ್ಚುವಾಗ ಎರಡೇ ದಿನಕ್ಕೆ ಅದು ಕಟ್ಟುತ್ತದೆ. ಆಮೇಲೆ ಸೈಲೆನ್ಸರ್. ಅದರ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಆಯಿಲ್ ಜಾಸ್ತಿ ಬೆರೆಸಿದವರ ಮಶೀನಿನಲ್ಲಿ ಅದು ಮಸಿಯಿಂದ ಮುಚ್ಚಿರುತ್ತದೆ. ಒಮ್ಮೆ ನಮ್ಮದೇ ಮಶೀನಿನ ಸೈಲೆನ್ಸರಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿದ ಮೇಲೆ ಅದು ಕಣ್ಣಿಗೆ ಬಿತ್ತು. ಈಗ ಎತ್ತಿಡುವಾಗ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಅದರ ಒಂದು ತುದಿ ಉದ್ದಕ್ಕೆ ಹೊರಗೆ ಬಿಡುತ್ತೇನೆ. ತೆಗೆಯಲು ಮರೆಯಬಾರದಲ್ಲ.

ಆಯಿಲ್ ಹಾಕೋಕೆ ಮರೆತು ಹತ್ತು ನಿಮಿಷ ಓಡಿಸಿಬಿಟ್ವಿ. ಹೋಯ್ತಾ?

ತಣ್ಣಗಾಗಲು ಬಿಡಿ. ಪ್ಲಗ್ ತೆಗೆದು ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಸಲೀಸಾಗಿ ತಿರುಗಿದರೆ ಆಸೆ ಇದೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ನಿನ ಪಕ್ಕ ನೋಡಿ. ನುಣುಪಾಗಿದ್ದರೆ ಸರಿಯಾದ ಮಿಶ್ರಣ ಹಾಕಿ ಓಡಿಸಬಹುದು. ಮೇಲಿಂದ ಕೆಳಕ್ಕೆ ಗೀರು ಕಂಡರೆ ಪಿಸ್ಟನ್, ಸಿಲಿಂಡರ್ ಎರಡೂ ಹೋದ ಲೆಕ್ಕ.

## ಇನ್ನೂ ಒಳಗೆ ಇಳಿಯುವವರಿಗೆ

ಇ20ಕ್ಕೆ ಅಂತ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಬಹುದಾ?

ಸ್ಕ್ರೂ ಇರುವ ಮಶೀನಿನಲ್ಲಿ ಜಾಸ್ತಿ ರೇಸಿನ ಸ್ಕ್ರೂವನ್ನು ಸ್ವಲ್ಪ, ಎಂಟನೇ ಒಂದು ಸುತ್ತಿನಷ್ಟು, ಬಿಚ್ಚುವ ಕಡೆ ತಿರುಗಿಸಿದರೆ ಇಂಧನ ಜಾಸ್ತಿ ಬರುತ್ತದೆ. ಗುರುತು ಹಾಕಿಕೊಂಡೇ ಮುಟ್ಟಿ. ಅರ್ಧ ದಿನ ಕೆಲಸ ಮಾಡಿ ಪ್ಲಗ್ ನೋಡಿ. ಕಾಫಿಪುಡಿಯ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಇಂಧನ ಇನ್ನೂ ಕಮ್ಮಿ. ಕಪ್ಪು, ಜಿಡ್ಡು ಇದ್ದರೆ ಜಾಸ್ತಿ. ರೇಸಿನ ಸದ್ದು ಕಿರುಚುವಷ್ಟು ಏರಿದರೆ ತಕ್ಷಣ ನಿಲ್ಲಿಸಿ. ಸ್ಕ್ರೂಗೆ ಪ್ಲಾಸ್ಟಿಕ್ ಟೋಪಿ ಹಾಕಿ ಬಂಧಿಸಿದ್ದರೆ ಮೆಕ್ಯಾನಿಕ್ಕಿಗೆ ಬಿಡಿ.

ನಾನು ಅಮೆರಿಕದಲ್ಲಿದ್ದೀನಿ. ಇಲ್ಲಿ ಹುಲ್ಲು ಕತ್ತರಿಸೋ ಮಶೀನಿಗೆ ಯಾವ ಪೆಟ್ರೋಲ್?

ಅಲ್ಲಿ ನಿಯಮ ಸ್ಪಷ್ಟ. ಸಣ್ಣ ಇಂಜಿನ್ನುಗಳಿಗೆ ಶೇಕಡಾ 10ಕ್ಕಿಂತ ಜಾಸ್ತಿ ಎಥನಾಲ್ ಹಾಕುವಂತಿಲ್ಲ. ಇ15 ಮಾರುವ ಪಂಪಿನ ಮೇಲೆ ಹಾಗಂತ ಪಟ್ಟಿಯೇ ಅಂಟಿಸಿರುತ್ತಾರೆ. ಎಥನಾಲ್ ಇಲ್ಲದ, ಆಯಿಲ್ ಬೆರೆಸಿದ ಡಬ್ಬದ ಪೆಟ್ರೋಲ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ. ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಅದೇ ಸರಿ. ಕ್ಯಾಲಿಫೋರ್ನಿಯಾದಲ್ಲಿ 2024ರ ಮಾದರಿಯಿಂದ ಇಂಥ ಹೊಸ ಪೆಟ್ರೋಲ್ ಮಶೀನುಗಳಿಗೆ ಹೆಚ್ಚುಕಮ್ಮಿ ತಡೆಯೇ ಬಿದ್ದಿದೆ.

ಹಾಗಾದ್ರೆ ನಾವೂ ಬ್ಯಾಟರಿ ಮಶೀನೇ ತಗೊಳ್ಳೋದು ಒಳ್ಳೆಯದಾ?

ಮನೆಯ ಸುತ್ತ, ಹಿತ್ತಲು, ಹತ್ತಿಪ್ಪತ್ತು ನಿಮಿಷದ ಕೆಲಸ ಅಂದರೆ ಖಂಡಿತ. ಪೆಟ್ರೋಲಿನ ಈ ಎಲ್ಲ ಗೋಳೂ ತಪ್ಪುತ್ತದೆ. ಎಕರೆಗಟ್ಟಲೆ ತೋಟದಲ್ಲಿ, ಕರೆಂಟು ಕೈಕೊಡುವ ಮಳೆಗಾಲದಲ್ಲಿ, ದಿನಪೂರ್ತಿ ಕಳೆ ಕೊಚ್ಚಲು ಎಷ್ಟು ಬ್ಯಾಟರಿ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ನಾನಂತೂ ಇನ್ನೂ ಪೆಟ್ರೋಲಿನಲ್ಲೇ ಇದ್ದೇನೆ.

ಎತ್ತಿಡುವಾಗ ಟ್ಯಾಂಕ್ ತುಂಬಿಸಿಡಬೇಕಾ, ಖಾಲಿ ಮಾಡಬೇಕಾ?

ಇ20 ಆದರೆ ಖಾಲಿ. ಹಳಬರು ಟ್ಯಾಂಕ್ ತುಂಬಿಸಿಡು ಅನ್ನುತ್ತಿದ್ದರು, ಅದು ಎಥನಾಲ್ ಇಲ್ಲದ ಕಾಲದ ಮಾತು. ನನ್ನ ಪದ್ಧತಿ ಇದು. ಕೊನೆಯ ದಿನ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡುತ್ತೇನೆ. ಎಥನಾಲ್ ಇಲ್ಲದ 100 ಆಕ್ಟೇನಿನ ಮಿಶ್ರಣ ಇದ್ದರೆ ಒಂದು ಲೋಟದಷ್ಟು ಹಾಕಿ ಐದು ನಿಮಿಷ ಓಡಿಸಿ, ಉಳಿದದ್ದನ್ನೂ ತೆಗೆಯುತ್ತೇನೆ. ಆಮೇಲೆ ಪ್ರೈಮರ್ ಗುಳ್ಳೆ ಒತ್ತಿ, ಸಣ್ಣ ರೇಸಿನಲ್ಲಿ ತಾನೇ ನಿಲ್ಲುವವರೆಗೆ ಓಡಿಸುತ್ತೇನೆ. ಜೋರು ರೇಸಿನಲ್ಲಿ ಹೀಗೆ ಒಣಗಿಸಬಾರದು. ತಣ್ಣಗಾದ ಮೇಲೆ ಪ್ಲಗ್ ತೆಗೆದು ಅರ್ಧ ಚಮಚ ಆಯಿಲ್ ಹಾಕಿ, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಕೂರಿಸುತ್ತೇನೆ. ಮಶೀನನ್ನು ನೆಲದ ಮೇಲೆ ಇಡದೆ ಅಟ್ಟದ ಕೆಳಗೆ, ಒಲೆಯಿಂದ ದೂರ, ಗೋಡೆಯ ಗೂಟಕ್ಕೆ ನೇತು ಹಾಕುತ್ತೇನೆ. ಹಿಡಿಕೆಗೆ ಒಂದು ಚೀಟಿ ಕಟ್ಟಿರುತ್ತದೆ: ಖಾಲಿ ಮಾಡಿದ ತಾರೀಕು, ಸೈಲೆನ್ಸರಿನಲ್ಲಿ ಬಟ್ಟೆ ಇದೆ.